ದ್ವೀಪದ ಬಂದರು, ಮಂಗಳೂರಿನ ದಕ್ಕೆ



ಲಕ್ಷದ್ವೀಪದ ಕದ್ಮತ್‌ನಲ್ಲಿ ಮನೆ ಕಟ್ಟಿಸಲು ಹೊರಟವರಿಗೆ ಮೇಸ್ತ್ರಿ ಸಿಗುವ ಮೊದಲು ಮಂಜಿ, ಅಂದರೆ ಸರಕು ಸಾಗಿಸುವ ಮರದ ಹಡಗು, ಸಿಗಬೇಕು. ಅಲ್ಲಿ ಬಂಡೆಯಿಲ್ಲ, ಕೆಂಪುಕಲ್ಲಿಲ್ಲ, ಹೊಳೆಯಿಲ್ಲ. ಇರುವುದು ಹವಳ ಸವೆದು ಪುಡಿಯಾದ ಬಿಳಿ ಮರಳು ಮತ್ತು ಅದರ ಮೇಲೆ ಒತ್ತೊತ್ತಾಗಿ ಬೆಳೆದ ತೆಂಗು. ಜಲ್ಲಿ, ಸಿಮೆಂಟು, ಕಬ್ಬಿಣದ ಸರಳು, ಇಟ್ಟಿಗೆ, ಹೆಂಚು ಎಲ್ಲವೂ ಕಡಲು ದಾಟಿ ಬರಬೇಕು. ಅಕ್ಕಿ, ಈರುಳ್ಳಿ, ತರಕಾರಿ, ಆಡು, ದನ ಕೂಡ ಹಾಗೆಯೇ ಬರಬೇಕು. ಇವುಗಳಲ್ಲಿ ದೊಡ್ಡ ಪಾಲು ಹೊರಡುವುದು ನಮ್ಮ ಮಂಗಳೂರಿನ ಹಳೆ ಬಂದರಿನಿಂದ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವಲ್ಲಿ, ಹಂಚಿನ ಕಾರ್ಖಾನೆಗಳ, ಮಂಡಿಗಳ ಹಳೆಯ ಬೀದಿಗಳ ಬೆನ್ನಿಗೆ ಇರುವ ಆ ದಕ್ಕೆಯಿಂದ. ಮರದ ಮಂಜಿಗೆ ಹಮಾಲಿಗಳು ಮೂಟೆ ಹೊತ್ತು ಇಳಿಸುತ್ತಾರೆ. ಮಂಜಿ ನಡೆಸುವ ತಂಡೇಲ ಉಬ್ಬರ ನೋಡಿಕೊಂಡು ಅಳಿವೆಬಾಗಿಲು ದಾಟುತ್ತಾನೆ. ಒಂದು ಹಗಲು, ಒಂದು ರಾತ್ರಿ ಪಶ್ಚಿಮಕ್ಕೆ ಸಾಗಿದ ಮೇಲೆ ದ್ವೀಪ ಕಾಣುತ್ತದೆ.

ದ್ವೀಪವೊಂದರ ಸರಕು ಬಂದರನ್ನು ಇಂದಿನ ಕಾಲಕ್ಕೆ ಹೊಂದಿಸುವುದು ಹೇಗೆ ಎಂಬುದು ಇಂದಿನ ಮಾತಿನ ವಿಷಯ. ಬಂದರು ಎಂದ ಕೂಡಲೇ ಎತ್ತರದ ಕ್ರೇನುಗಳು, ಸಾಲಾಗಿ ಪೇರಿಸಿಟ್ಟ ಕಂಟೈನರುಗಳು ಕಣ್ಣಿಗೆ ಬರುತ್ತವೆ. ಅವುಗಳ ಬಗ್ಗೆಯೂ ಹೇಳುತ್ತೇನೆ. ಆದರೆ ನನಗೆ ಹೇಳಬೇಕೆನಿಸಿರುವುದು ಮುಖ್ಯವಾಗಿ ನಮ್ಮ ನೆರೆಯ ಆ ಪುಟ್ಟ ದ್ವೀಪಗಳ ಬಗ್ಗೆ, ಮತ್ತು ಆ ದ್ವೀಪಗಳ ಬಂದರಿನ ಅರ್ಧ ಭಾಗ ಮಂಗಳೂರಿನಲ್ಲೇ ಇದೆ ಎಂಬ ಸಂಗತಿಯ ಬಗ್ಗೆ.

ನೆರೆಯವರು ಎಂದದ್ದು ಸೌಜನ್ಯಕ್ಕಾಗಿ ಅಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದು ದ್ವೀಪಗಳ ಗುಂಪಿಗೆ ಅಮಿನ್‌ದಿವಿ ಎಂದು ಹೆಸರು. 1956ರವರೆಗೆ ಇವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಕವರತ್ತಿ, ಅಗತ್ತಿ, ಅಂಡ್ರೋತ್, ಕಲ್ಪೇನಿ, ಮಿನಿಕಾಯ್ ಮಲಬಾರ್ ಜಿಲ್ಲೆಗೆ ಸೇರಿದ್ದವು. 1783ರಲ್ಲಿ ಅಮಿನಿಯ ಕೆಲವರು ದ್ವೀಪಗಳನ್ನು ಆಗ ಆಳುತ್ತಿದ್ದ ರಾಣಿ ಅರಕ್ಕಲ್ ಬೀಬಿಯ ಆಡಳಿತ ತಾಳಲಾರದೆ ಮಂಗಳೂರಿಗೆ ಬಂದು, ಅಲ್ಲಿದ್ದ ಟಿಪ್ಪು ಸುಲ್ತಾನನನ್ನು ಕಂಡು, ತಮ್ಮ ದ್ವೀಪಗಳನ್ನು ವಹಿಸಿಕೊಳ್ಳಬೇಕೆಂದು ಕೇಳಿಕೊಂಡರು. ಹೀಗೆ ಟಿಪ್ಪುವಿನ ಕೈಸೇರಿದ ದ್ವೀಪಗಳು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋದವು, ಆಡಳಿತ ಮಂಗಳೂರಿನಿಂದಲೇ ನಡೆಯಿತು. ದ್ವೀಪದವರು ತಮ್ಮದೇ ಓಡಂಗಳಲ್ಲಿ, ಅಂದರೆ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಕಟ್ಟಿದ ಹಾಯಿ ಹಡಗುಗಳಲ್ಲಿ, ನಾರು ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದರು. ನಾರನ್ನು ಸರ್ಕಾರವೇ ಕೊಳ್ಳುತ್ತಿತ್ತು, ಬದಲಿಗೆ ಅಕ್ಕಿ ಕೊಡುತ್ತಿತ್ತು. ಕರ್ನಾಟಕ ಒಂದಾದ 1956ರ ನವೆಂಬರ್ 1ರಂದೇ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾಯಿತು. ಅಂದು ಐದು ದ್ವೀಪಗಳು ನಮ್ಮ ಜಿಲ್ಲೆಯ ನಕಾಶೆಯಿಂದ ಹೊರಗೆ ಹೋದವು. ಆದರೆ ಅವುಗಳ ಅಕ್ಕಿ ಮತ್ತು ಜಲ್ಲಿ ನಮ್ಮ ದಕ್ಕೆಯಿಂದ ಹೋಗುವುದು ನಿಲ್ಲಲಿಲ್ಲ. ನಿಲ್ಲುವಂತೆಯೂ ಇರಲಿಲ್ಲ: ಕಿಲ್ತಾನ್ ಕೊಚ್ಚಿಯಿಂದ ಸುಮಾರು 390 ಕಿಲೋಮೀಟರ್ ದೂರ, ಮಂಗಳೂರಿನಿಂದ ಸುಮಾರು 250.

ಈಗ ಆ ನೆಲದ ಸ್ವರೂಪ ನೋಡೋಣ. ಅದನ್ನು ತಿಳಿಯದೆ ಅಲ್ಲಿನ ಬಂದರಿನ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಲಕ್ಷದ್ವೀಪದಲ್ಲಿ 36 ದ್ವೀಪಗಳು, ಜನ ವಾಸಿಸುವುದು ಹತ್ತರಲ್ಲಿ. ಎಲ್ಲ ಸೇರಿದರೂ ನೆಲ 32 ಚದರ ಕಿಲೋಮೀಟರ್ ಮಾತ್ರ. 2011ರ ಜನಗಣತಿಯಂತೆ ಅಲ್ಲಿನ ಜನ 64,473. ನೆಲದ ಎತ್ತರ ಸಮುದ್ರಮಟ್ಟದಿಂದ ಒಂದೆರಡು ಮೀಟರ್. ಹೆಚ್ಚಿನ ದ್ವೀಪಗಳ ಪಶ್ಚಿಮಕ್ಕೆ ಹವಳ ದಿಬ್ಬದ ಉಂಗುರ, ಅದರೊಳಗೆ ತಿಳಿನೀರಿನ ಲಗೂನು. ಮುಂಗಾರಿನಲ್ಲಿ ಅರಬ್ಬೀ ಕಡಲು ಎತ್ತಿ ಒಗೆಯುವ ಅಲೆಗಳು ಮೊದಲು ಬಡಿಯುವುದು ಆ ದಿಬ್ಬಕ್ಕೆ. ಅಲ್ಲಿ ಮುರಿದು, ಸೋತು, ನೊರೆಯಾಗಿ ಒಳಗೆ ಬರುತ್ತವೆ. ಪೂರ್ವದ ಕಡೆ ದಿಬ್ಬ ಸ್ವಲ್ಪದರಲ್ಲೇ ಮುಗಿದು ಕಡಲು ಥಟ್ಟನೆ ಆಳವಾಗುತ್ತದೆ. ಹೀಗಾಗಿ ಪಶ್ಚಿಮದಲ್ಲಿ ಶಾಂತ ನೀರಿದೆ, ಆಳವಿಲ್ಲ. ಪೂರ್ವದಲ್ಲಿ ಆಳವಿದೆ, ಆಸರೆಯಿಲ್ಲ. ಲಕ್ಷದ್ವೀಪದ ಬಂದರುಗಳ ಕಷ್ಟವೆಲ್ಲ ಈ ಎರಡು ವಾಕ್ಯಗಳಲ್ಲಿ ಬಂತು.

ದೊಡ್ಡ ಹಡಗು ದಿಬ್ಬದ ಹೊರಗೇ ನಿಲ್ಲಬೇಕಾಗುತ್ತದೆ. ಅಲ್ಲಿಂದ ಸರಕನ್ನೂ ಜನರನ್ನೂ ಸಣ್ಣ ದೋಣಿಗಳಿಗೆ ದಾಟಿಸಬೇಕು. ಅಲೆ ಎದ್ದಾಗ ಹಡಗಿನ ಬಾಗಿಲಿನಿಂದ ಕೆಳಗೆ ಕುಣಿಯುತ್ತಿರುವ ದೋಣಿಗೆ ಗರ್ಭಿಣಿಯರನ್ನು, ವಯಸ್ಸಾದವರನ್ನು ಕೈಹಿಡಿದು ಇಳಿಸುವವರ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಒಂದು ಊರಿನ ದಿನಬಳಕೆ ಅಂಥ ಧೈರ್ಯದ ಮೇಲೆ ನಿಲ್ಲಬಾರದು. ಪೂರ್ವ ದಂಡೆಯಲ್ಲಿ ಜೆಟ್ಟಿಗಳಾಗಿವೆ, ಅಂಡ್ರೋತ್‌ನಲ್ಲಿ ಅಲೆತಡೆ ಗೋಡೆಯ ಆಸರೆಯೂ ಇದೆ. ಹವಾ ಚೆನ್ನಾಗಿದ್ದರೆ ಇವು ಬಹಳ ಉಪಯುಕ್ತ. ಹವಾ ಕೆಟ್ಟಾಗ ಹಡಗು ದ್ವೀಪದ ಮುಂದೆ ಬಂದು, ಜೆಟ್ಟಿ ಹಿಡಿಯಲಾರದೆ ಸರಕು ಸಮೇತ ಮುಂದಕ್ಕೆ ಹೋಗುವುದೂ ಉಂಟು.

ಇನ್ನು ಮಳೆಗಾಲ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಗಳೂರಿನಿಂದ ಮಂಜಿಗಳು ಹೊರಡುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು. ಆ ನಾಲ್ಕು ತಿಂಗಳ ಅಕ್ಕಿ, ಬೇಳೆ, ಎಣ್ಣೆ, ಔಷಧಿ ಮೇ ತಿಂಗಳೊಳಗೆ ದ್ವೀಪ ಸೇರಿರಬೇಕು, ಇಲ್ಲವೆ ಸರ್ಕಾರದ ಹಡಗು, ಬಾರ್ಜುಗಳನ್ನೇ ಕಾಯಬೇಕು. ಅಲ್ಲಿನ ವಿದ್ಯುತ್ತಿನ ಹೆಚ್ಚಿನ ಪಾಲು ಡೀಸೆಲ್ ಜನರೇಟರುಗಳಿಂದ ಬರುವುದು. ಆ ಡೀಸೆಲ್ ಕೂಡ ಕಡಲಿನ ಮೇಲೆಯೇ ಬರಬೇಕು. ನಮ್ಮ ಊರಿನಲ್ಲಿ ಘಾಟಿ ಕುಸಿದು ರಸ್ತೆ ಬಂದ್ ಆದರೆ ಎರಡನೆಯ ಘಾಟಿ ಇರುತ್ತದೆ. ದ್ವೀಪಕ್ಕೆ ಎರಡನೆಯ ದಾರಿ ಇಲ್ಲ.

ಇಷ್ಟು ಹೇಳಿದ ಮೇಲೆ ಪ್ರಪಂಚದ ದೊಡ್ಡ ಬಂದರುಗಳತ್ತ ಒಮ್ಮೆ ತಿರುಗೋಣ. ಅದೇ 1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕ್‌ನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್‌ಗೆ ಹೊರಟಿತು. ಲಾರಿ ಕಂಪನಿಯ ಮಾಲೀಕ ಮಾಲ್ಕಂ ಮೆಕ್ಲೀನ್ ಅವರ ಯೋಚನೆ ಅದು. ಒಂದೊಂದು ಮೂಟೆಯನ್ನು ಬಿಡಿಬಿಡಿಯಾಗಿ ಹೊತ್ತು ಹಾಕುವ ಬದಲು, ಲಾರಿಯ ಪೆಟ್ಟಿಗೆಯನ್ನೇ ಎತ್ತಿ ಹಡಗಿನ ಮೇಲೆ ಇಡುವುದು. ಕೈಯಿಂದ ತುಂಬಿಸಲು ಟನ್ನಿಗೆ ಸುಮಾರು ಆರು ಡಾಲರ್ ತಗಲುತ್ತಿದ್ದ ಕಾಲದಲ್ಲಿ ಆ ಹಡಗಿಗೆ ತುಂಬಿಸಲು ಟನ್ನಿಗೆ ಹದಿನಾರು ಸೆಂಟು ಸಾಕಾಯಿತೆಂದು ಲೆಕ್ಕ ಹಾಕಿದರು. ಜಗತ್ತಿನ ವ್ಯಾಪಾರದ ಸ್ವರೂಪವೇ ಬದಲಾಯಿತು.

ಸಿಂಗಪುರವೆಂಬ ದ್ವೀಪ ಈ ಬದಲಾವಣೆಯನ್ನು ಬೇಗ ಗ್ರಹಿಸಿತು. ಬ್ರಿಟಿಷರ ಸೇನಾ ನೆಲೆ ಮುಚ್ಚಿ ಸಾವಿರಾರು ಜನರ ಕೆಲಸ ಹೋಗುವ ಹೊತ್ತಿನಲ್ಲಿ, ಕಂಟೈನರು ಹಡಗುಗಳು ಆ ದಾರಿಯಲ್ಲಿ ಇನ್ನೂ ಓಡಾಡದಿದ್ದಾಗಲೇ, ವಿಶ್ವ ಬ್ಯಾಂಕಿನ ಸಾಲ ಪಡೆದು ತಂಜೊಂಗ್ ಪಗಾರ್‌ನಲ್ಲಿ ದಕ್ಕೆ ಕಟ್ಟಿತು. 1972ರ ಜೂನ್ 23ರಂದು ‘ನಿಹೋನ್’ ಎಂಬ ಮೊದಲ ಕಂಟೈನರು ಹಡಗು ಅಲ್ಲಿಗೆ ಬಂತು. ಐವತ್ತು ವರ್ಷಗಳ ನಂತರ, 2022ರ ಸೆಪ್ಟೆಂಬರ್ 1ರಂದು, ದ್ವೀಪದ ಪಶ್ಚಿಮ ತುದಿಯ ತುವಾಸ್‌ನಲ್ಲಿ ಹೊಸ ಬಂದರು ಅಧಿಕೃತವಾಗಿ ತೆರೆಯಿತು. ಹತ್ತು ಮಹಡಿಯಷ್ಟು ಎತ್ತರದ ಕಾಂಕ್ರೀಟು ಪೆಟ್ಟಿಗೆಗಳನ್ನು, ಮೊದಲ ಹಂತದಲ್ಲೇ 221, ಕಡಲಿಗೆ ಇಳಿಸಿ ಅದರ ದಂಡೆ ಕಟ್ಟಿದ್ದಾರೆ. ಬ್ಯಾಟರಿಯಿಂದ ನಡೆಯುವ ಚಾಲಕರಿಲ್ಲದ ವಾಹನಗಳು ಅಲ್ಲಿ ಹಗಲೂ ರಾತ್ರಿ ಕಂಟೈನರು ಸಾಗಿಸುತ್ತವೆ. 2040ರ ದಶಕದಲ್ಲಿ ಪೂರ್ತಿಯಾದಾಗ ವರ್ಷಕ್ಕೆ ಆರೂವರೆ ಕೋಟಿ ಕಂಟೈನರುಗಳನ್ನು ಅದು ನಿಭಾಯಿಸಬೇಕೆಂಬುದು ಗುರಿ.

ಈ ಅಂಕಿಗಳನ್ನು ಕೇಳಿ ಬೆರಗಾಗುವುದು ಸಹಜ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅವರು ಇಟ್ಟ ಹೆಜ್ಜೆಗಳ ಕ್ರಮ. ಚಾಲಕರಿಲ್ಲದ ವಾಹನ ಬರುವುದಕ್ಕೆ ಎಷ್ಟೋ ಮೊದಲು, 1989ರಲ್ಲೇ, ಸಿಂಗಪುರ ತನ್ನ ಆಮದು ರಫ್ತಿನ ಪರವಾನಗಿಗಳನ್ನು ಕಂಪ್ಯೂಟರಿಗೆ ಏರಿಸಿತು. ‘ಟ್ರೇಡ್‌ನೆಟ್’ ಎಂಬ ಆ ವ್ಯವಸ್ಥೆ ಬಂದ ಮೇಲೆ, ದಿನಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ ಕಾಗದ ಕೆಲವೇ ನಿಮಿಷಗಳಲ್ಲಿ ತಿರುಗಿ ಬರತೊಡಗಿತು. ತುವಾಸ್‌ನ ಕಬ್ಬಿಣ, ಕಾಂಕ್ರೀಟಿಗಿಂತ ಮೊದಲು ಕಾಗದವನ್ನು ಸರಿಪಡಿಸಿದರು. ಇದಕ್ಕೆ ಬೆಟ್ಟದಷ್ಟು ಹಣ ಬೇಕಾಗಿರಲಿಲ್ಲ, ಹವಳ ಒಡೆಯಬೇಕಾಗಿರಲಿಲ್ಲ. ನಾವು ಸಿಂಗಪುರದಿಂದ ಕಲಿಯಬೇಕಾದ ಪಾಠ ಇದು. ಅದರ ಕ್ರೇನಿನ ಎತ್ತರ ನಮಗೆ ಬೇಡ. ಸಿಂಗಪುರಕ್ಕೆ ಜಗತ್ತಿನ ಹಡಗುಗಳು ಬಂದು ಸರಕು ಬದಲಾಯಿಸಿಕೊಂಡು ಹೋಗುತ್ತವೆ. ಅದು ದಾರಿಯ ಕೂಡುರಸ್ತೆ. ಕವರತ್ತಿ, ಕಿಲ್ತಾನ್ ದಾರಿಯ ಕೊನೆಯ ಮನೆಗಳು. ಅಲ್ಲಿ ಬಂದರಿನ ಯೋಗ್ಯತೆಯನ್ನು ಟನ್ನಿನಿಂದ ಅಳೆಯಲಾಗದು. ಹೇಳಿದ ದಿನ ಹಡಗು ಬಂತೇ, ತಂದ ಸರಕು ಹಾಳಾಗದೆ ಇಳಿಯಿತೇ, ಇಳಿಸುವಾಗ ಯಾರ ಕೈಕಾಲೂ ಮುರಿಯಲಿಲ್ಲವೇ ಎಂದು ಕೇಳಬೇಕು.

ವಿಚಿತ್ರವೆಂದರೆ, ಸುಯೆಜ್‌ನಿಂದ ಕೊಲಂಬೊ, ಸಿಂಗಪುರದ ಕಡೆಗೆ ಹೋಗುವ ಹಡಗುಗಳ ಹೆದ್ದಾರಿ ಲಕ್ಷದ್ವೀಪದ ನಡುವೆಯೇ, ಮಿನಿಕಾಯ್‌ನ ಉತ್ತರಕ್ಕೆ, ಒಂಬತ್ತು ಡಿಗ್ರಿ ಕಾಲುವೆಯಲ್ಲಿ ಹಾದುಹೋಗುತ್ತದೆ. ಜಗತ್ತಿನ ಅತಿ ದೊಡ್ಡ ಕಂಟೈನರು ಹಡಗುಗಳು ಅಲ್ಲಿ ಸಾಗುತ್ತಿರುತ್ತವೆ. ಮಿನಿಕಾಯ್‌ನ ಗಂಡಸರು ಪೀಳಿಗೆಗಳಿಂದ ದೇಶವಿದೇಶದ ವ್ಯಾಪಾರಿ ಹಡಗುಗಳಲ್ಲಿ ನಾವಿಕರಾಗಿ ದುಡಿದವರು, ಈಗಲೂ ದುಡಿಯುತ್ತಿರುವವರು. ಲೋಕದ ಸರಕನ್ನೆಲ್ಲ ಸಾಗಿಸುವ ಕೈಗಳಿರುವ ಊರಿಗೆ ತನ್ನ ಅಕ್ಕಿಮೂಟೆ ಎಂದು ಬರುತ್ತದೆಂಬ ಖಾತ್ರಿಯಿಲ್ಲ.

ಹಾಗಾದರೆ ಏನು ಮಾಡಬಹುದು? ಮೊದಲು ಮಾಡಬಾರದ್ದನ್ನು ಹೇಳುತ್ತೇನೆ. ದೊಡ್ಡ ಹಡಗು ಒಳಗೆ ಬರಲಿ ಎಂದು ಹವಳ ದಿಬ್ಬ ಒಡೆದು, ಲಗೂನಿನ ತಳ ಬಗೆದು ಆಳ ಮಾಡುವ ಯೋಚನೆ ಆಗಾಗ ತಲೆಯೆತ್ತುತ್ತದೆ. ದೋಣಿಗಳು ಬರಲು ಈಗಿರುವ ಕಾಲುವೆಗಳನ್ನು ಚೊಕ್ಕವಾಗಿ ಇಟ್ಟುಕೊಳ್ಳುವುದು ಬೇರೆ, ಹೊಸದಾಗಿ ದಿಬ್ಬವನ್ನು ಕತ್ತರಿಸುವುದು ಬೇರೆ. ಹೂಳೆತ್ತುವಾಗ ಏಳುವ ರಾಡಿ ಹವಳದ ಮೇಲೆ ಕೂತರೆ ಹವಳ ಉಸಿರುಕಟ್ಟಿ ಸಾಯುತ್ತದೆ. ಕಡಲು ಬಿಸಿಯೇರಿ 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಅಲ್ಲಿನ ಹವಳ ಬಿಳಿಚಿಕೊಂಡಿದೆ. ಪ್ರತಿ ಸಲ ಚೇತರಿಸಿಕೊಳ್ಳಲು ಅದಕ್ಕೆ ಸಿಗುವ ಬಿಡುವು ಕಡಿಮೆಯಾಗುತ್ತಿದೆ. ದಿಬ್ಬ ಸತ್ತು ಸವೆದರೆ ಅಲೆ ನೇರವಾಗಿ ಮನೆಯಂಗಳಕ್ಕೆ ಬರುತ್ತದೆ. ಆಮೇಲೆ ಜೆಟ್ಟಿ ಎಷ್ಟು ಗಟ್ಟಿಯಾಗಿದ್ದರೇನು, ಸರಕು ಇಳಿಸಿಕೊಳ್ಳಲು ಊರೇ ಇರುವುದಿಲ್ಲ. 2017ರ ಒಖಿ, 2021ರ ತೌಕ್ತೆ ಚಂಡಮಾರುತಗಳು ಈ ದ್ವೀಪಗಳ ಮೇಲೆ ಹಾದುಹೋದದ್ದನ್ನು ಮರೆಯಬಾರದು. ದ್ವೀಪದ ಮೊದಲ ಅಲೆತಡೆ ಗೋಡೆ ಹವಳವೇ. ಅದನ್ನು ಯಾವ ಇಲಾಖೆಯೂ ಕಟ್ಟಿಲ್ಲ, ಯಾವ ಇಲಾಖೆಯೂ ಮತ್ತೆ ಕಟ್ಟಿಕೊಡಲಾರದು.

ಆದ್ದರಿಂದ ಹಡಗಿಗೆ ತಕ್ಕಂತೆ ದ್ವೀಪವನ್ನು ಕೊರೆಯುವ ಬದಲು ದ್ವೀಪಕ್ಕೆ ತಕ್ಕ ಹಡಗು ಕಟ್ಟಬೇಕು. ಇದೇನೂ ಕನಸಿನ ಮಾತಲ್ಲ. ಪಕ್ಕದ ಮಾಲ್ದೀವ್ಸ್‌ನಲ್ಲಿ ಇಂಥದೇ ಹವಳ ದ್ವೀಪಗಳಿಗೆ ಚಪ್ಪಟೆ ತಳದ, ಕಡಿಮೆ ನೀರಿನಲ್ಲಿ ತೇಲುವ, ಮುಂದಿನ ಬಾಗಿಲನ್ನು ದಂಡೆಗೆ ಇಳಿಬಿಡುವ ಬಾರ್ಜುಗಳು ಕಟ್ಟಡ ಸಾಮಗ್ರಿ, ದಿನಸಿ ತಲುಪಿಸುತ್ತವೆ. ಇನ್ನೊಂದು ಮಾದರಿ ದೂರದ ಸ್ಕಾಟ್ಲೆಂಡಿನದು. ಅಬರ್ಡೀನ್ ಬಂದರಿನಿಂದ ಶೆಟ್ಲೆಂಡ್ ದ್ವೀಪಗಳ ಲರ್ವಿಕ್‌ಗೆ ಸುಮಾರು 340 ಕಿಲೋಮೀಟರ್. ಮಂಗಳೂರಿನಿಂದ ಕವರತ್ತಿಗೂ ಹೆಚ್ಚು ಕಡಿಮೆ ಅಷ್ಟೇ ದೂರ. ಶೆಟ್ಲೆಂಡಿನ ಜನಸಂಖ್ಯೆ ಸುಮಾರು 23 ಸಾವಿರ, ಲಕ್ಷದ್ವೀಪದ ಅರ್ಧಕ್ಕಿಂತ ಕಡಿಮೆ. ಉತ್ತರ ಸಮುದ್ರದ ಚಳಿಗಾಲ ನಮ್ಮ ಮುಂಗಾರಿಗೆ ಕಡಿಮೆಯದ್ದೇನಲ್ಲ. ಆದರೂ ಅಲ್ಲಿಗೆ ಪ್ರತಿ ರಾತ್ರಿ ಹಡಗು ಹೊರಡುತ್ತದೆ. ಲಾರಿ, ಟ್ರೇಲರುಗಳನ್ನು ಹಡಗಿನ ಹೊಟ್ಟೆಗೆ ನೇರವಾಗಿ ಓಡಿಸಿಕೊಂಡು ಹೋಗುತ್ತಾರೆ, ಇಳಿಯುವಾಗಲೂ ಹಾಗೆಯೇ. ಕುರಿ, ದನಗಳಿಗೆಂದೇ ನೀರು, ಗಾಳಿಯ ಅನುಕೂಲವಿರುವ ಪೆಟ್ಟಿಗೆಗಳನ್ನು ಮಾಡಿದ್ದಾರೆ. ಶೆಟ್ಲೆಂಡಿನ ಮೀನು ಸಂಜೆ ಹಡಗು ಹತ್ತಿ ಬೆಳಗ್ಗೆ ಮುಖ್ಯ ಭೂಮಿಯಲ್ಲಿ ಇಳಿಯುತ್ತದೆ.

ಅಷ್ಟು ದೊಡ್ಡ ಹಡಗು ನಮ್ಮ ಲಗೂನಿಗೆ ಬರಲಾರದು, ನಿಜ. ಆದರೆ ಮೂಟೆಯನ್ನು ಹೊರುವ ಬದಲು ಪೆಟ್ಟಿಗೆಯನ್ನು ಉರುಳಿಸುವ ತತ್ವ ಬರಬಹುದಲ್ಲ? ಹತ್ತು ಅಡಿಯ ಸಣ್ಣ ಕಂಟೈನರು ಸಾಕು. ಮಂಗಳೂರಿನ ಮಂಡಿಯಲ್ಲೇ ಅಕ್ಕಿ, ಬೇಳೆ ತುಂಬಿ ಬೀಗ ಹಾಕಿ, ಕಿಲ್ತಾನ್‌ನ ರೇಷನ್ ಅಂಗಡಿಯ ಮುಂದೆ ತೆರೆಯುವಂತಾದರೆ ನಡುವೆ ಒದ್ದೆಯಾಗುವುದು, ಒಡೆಯುವುದು, ಕಾಣೆಯಾಗುವುದು ತಪ್ಪುತ್ತದೆ. ತರಕಾರಿಗೆ ತಂಪು ಪೆಟ್ಟಿಗೆ. ಸಿಮೆಂಟಿಗೆ ನೀರು ತಾಗದ ಚೀಲ. ದ್ವೀಪದ ಜೆಟ್ಟಿಯಲ್ಲಿ ಅಂಥ ಪೆಟ್ಟಿಗೆ ಎತ್ತಬಲ್ಲ ಒಂದು ಸಾಧಾರಣ ಕ್ರೇನು, ಅದು ಕೆಟ್ಟರೆ ರಿಪೇರಿ ಮಾಡಬಲ್ಲ ದ್ವೀಪದವನೇ ಆದ ಒಬ್ಬ ಮೆಕ್ಯಾನಿಕ್. ಬಿಡಿಭಾಗಕ್ಕಾಗಿ ಮಳೆಗಾಲ ಮುಗಿಯುವವರೆಗೆ ಕಾಯಬೇಕಾದ ಕ್ರೇನು ಎಷ್ಟು ನವೀನವಾದರೂ ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣವೇ.

ಹಿಂದಿರುಗುವ ಸರಕಿನ ಮಾತು ಬಹಳ ಮುಖ್ಯವಾದದ್ದು, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ತುಂಬಿ ಹೋದ ಹಡಗು ಖಾಲಿ ಬಂದರೆ ಎರಡೂ ಪ್ರಯಾಣದ ಖರ್ಚು ಹೋದ ಸರಕಿನ ಮೇಲೆಯೇ ಬೀಳುತ್ತದೆ. ದ್ವೀಪದಲ್ಲಿ ಈರುಳ್ಳಿ ದುಬಾರಿಯಾಗುವುದಕ್ಕೆ ಇದೂ ಒಂದು ಕಾರಣ. ದ್ವೀಪದಿಂದ ಬರಬಹುದಾದ ಸರಕು ಏನು? ಕೊಬ್ಬರಿ, ನಾರು, ಮತ್ತೆ ಮುಖ್ಯವಾಗಿ ಟ್ಯೂನಾ ಮೀನು. ಲಕ್ಷದ್ವೀಪದವರು ಟ್ಯೂನಾವನ್ನು ಬಲೆ ಬೀಸಿ ಬಾಚುವುದಿಲ್ಲ. ಸಣ್ಣ ಮೀನನ್ನು ಎರೆಯಾಗಿ ಎರಚಿ, ಗಳು ಮತ್ತು ಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. ಬೇಡದ ಜೀವಿಗಳು ಸಾಯದ, ಕಡಲನ್ನು ಬರಿದು ಮಾಡದ ಈ ವಿಧಾನಕ್ಕೆ ಲೋಕದ ಮಾರುಕಟ್ಟೆಯಲ್ಲಿ ಗೌರವವಿದೆ, ಬೆಲೆಯೂ ಇದೆ. ಆದರೆ ಐಸು, ಶೀತಲಗೃಹ, ಹೇಳಿದ ದಿನ ಹೊರಡುವ ಹಡಗು ಈ ಮೂರೂ ಒಟ್ಟಿಗೆ ಸಿಗದ ಕಾರಣ ಹೆಚ್ಚಿನ ಮೀನನ್ನು ಬೇಯಿಸಿ, ಹೊಗೆ ಹಿಡಿಸಿ, ಒಣಗಿಸಿ ‘ಮಾಸ್’ ಮಾಡಿ ಮಾರುತ್ತಾರೆ. ಅದು ರುಚಿಯಾದ ಪದಾರ್ಥ, ತಲೆಮಾರುಗಳ ಜಾಣ್ಮೆ. ಆದರೆ ತಾಜಾ ಟ್ಯೂನಾಕ್ಕೆ ಸಿಗುವ ಬೆಲೆ ಅದಕ್ಕೆ ಸಿಗದು. ಹೋಗುವಾಗ ತರಕಾರಿ ಹೊತ್ತ ತಂಪು ಪೆಟ್ಟಿಗೆ ಬರುವಾಗ ಟ್ಯೂನಾ ಹೊತ್ತು ಬಂದರೆ ಹಡಗಿನ ಬಾಡಿಗೆ ಎರಡು ಕಡೆ ಹಂಚಿಹೋಗುತ್ತದೆ. ಮಂಗಳೂರಿನಲ್ಲಿ ಐಸ್ ಪ್ಲಾಂಟುಗಳಿವೆ, ಮೀನು ಸಂಸ್ಕರಿಸುವ ಕಾರ್ಖಾನೆಗಳಿವೆ, ರಫ್ತಿನ ಅನುಭವವಿದೆ, ಪಣಂಬೂರಿನಲ್ಲಿ ದೊಡ್ಡ ಬಂದರಿದೆ, ಬಜ್ಪೆಯಲ್ಲಿ ವಿಮಾನ ನಿಲ್ದಾಣವಿದೆ. ದ್ವೀಪದ ಮೀನುಗಾರನಿಗೆ ಒಳ್ಳೆಯ ಬೆಲೆ ಸಿಕ್ಕರೆ ನಮ್ಮ ಊರಿಗೂ ಕೆಲಸ ಸಿಗುತ್ತದೆ.

ಈಗ ಸಂಪರ್ಕದ ಮಾತು. 2024ರ ಜನವರಿ 3ರಂದು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಕಡಲಡಿಯ ಆಪ್ಟಿಕಲ್ ಫೈಬರ್ ಕೇಬಲ್ ಉದ್ಘಾಟನೆಯಾಯಿತು. ಉದ್ದ 1,868 ಕಿಲೋಮೀಟರ್, ಖರ್ಚು 1,072 ಕೋಟಿ ರೂಪಾಯಿ. ಅಲ್ಲಿಯವರೆಗೆ ದ್ವೀಪಗಳ ಫೋನು, ಇಂಟರ್ನೆಟ್ ಎಲ್ಲವೂ ಉಪಗ್ರಹದ ಕಿರಿದಾದ ದಾರಿಯಲ್ಲೇ ಹಾಯಬೇಕಾಗಿತ್ತು. ಬಂದರಿಗೆ ಸಂಬಂಧಿಸಿ ಇದಕ್ಕಿಂತ ದೊಡ್ಡ ಸೌಕರ್ಯ ಈಚಿನ ವರ್ಷಗಳಲ್ಲಿ ಆಗಿಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಕೇಬಲ್ ಬಂದ ಮಾತ್ರಕ್ಕೆ ಬಂದರಿನ ಕೆಲಸ ಬದಲಾಗುವುದಿಲ್ಲ. ಕದ್ಮತ್‌ನ ಅಂಗಡಿಯಾತ ತನ್ನ ಮೊಬೈಲಿನಲ್ಲಿ ಯಾವ ಹಡಗಿನಲ್ಲಿ ಎಷ್ಟು ಜಾಗ ಖಾಲಿ ಇದೆ, ಎಂದು ಹೊರಡುತ್ತದೆ, ತನ್ನ ಹತ್ತು ಚೀಲ ಎಲ್ಲಿದೆ ಎಂದು ನೋಡುವಂತಾಗಬೇಕು. ಮಂಗಳೂರಿನಲ್ಲಿ ಬಂದರು, ಸುಂಕ, ಪೊಲೀಸು, ಪಶುವೈದ್ಯ, ದ್ವೀಪಾಡಳಿತದ ಕಚೇರಿ ಇಷ್ಟೂ ಕಡೆಯ ಒಪ್ಪಿಗೆ ಒಂದೇ ಅರ್ಜಿಯಲ್ಲಿ ಮುಗಿಯಬೇಕು. ಟಿಕೆಟು ಆನ್‌ಲೈನ್ ಆದಂತೆ ಸರಕೂ ಆಗಬೇಕು. ಇಳಿಸುವ ಹೊತ್ತಿಗೆ ಅಲೆ ಎಷ್ಟು, ಗಾಳಿ ಎಷ್ಟು ಎಂಬ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಕೊಡುತ್ತಿದೆ. ಅದು ತಂಡೇಲನ ಕೈಗೆ ಅವನ ಭಾಷೆಯಲ್ಲಿ, ಅವನು ಹೊರಡುವ ಮೊದಲೇ ತಲುಪಬೇಕು.

ತಂಡೇಲರ ಹೆಸರು ಬಂತು, ಆದ್ದರಿಂದ 2025ರ ಮೇ 14ರ ಘಟನೆಯನ್ನು ನೆನಪಿಸುತ್ತೇನೆ. ಸಿಮೆಂಟು ಮತ್ತು ಕಟ್ಟಡ ಸಾಮಗ್ರಿ ತುಂಬಿಕೊಂಡು ಮಂಗಳೂರಿನಿಂದ ಕದ್ಮತ್‌ಗೆ ಹೊರಟಿದ್ದ ‘ಸಲಾಮತ್’ ಎಂಬ ಮಂಜಿಗೆ ನಡುಗಡಲಿನಲ್ಲಿ ನೀರು ನುಗ್ಗಿ ಅದು ಮುಳುಗಿತು. ಅದರಲ್ಲಿದ್ದ ಆರು ಜನ ಸಣ್ಣ ದೋಣಿ ಹತ್ತಿ ಅಲೆಯ ಮೇಲೆ ಉಳಿದರು. ಆ ದಾರಿಯಲ್ಲಿ ಹೋಗುತ್ತಿದ್ದ ಒಂದು ಹಡಗಿನವರು ಕಂಡು ಸುದ್ದಿ ಕೊಟ್ಟದ್ದರಿಂದ ಕರಾವಳಿ ಕಾವಲು ಪಡೆಯ ‘ವಿಕ್ರಮ್’ ನೌಕೆ ಹೋಗಿ ಆರೂ ಜನರನ್ನು ಉಳಿಸಿತು. ಕಾವಲು ಪಡೆಯವರಿಗೆ ನಾವು ಋಣಿಗಳು. ಆದರೆ ಸುದ್ದಿ ಕೊಟ್ಟ ಆ ಹಡಗು ಬೇರೆ ದಾರಿ ಹಿಡಿದಿದ್ದರೆ? 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 364 ಕೋಟಿ ರೂಪಾಯಿ ಖರ್ಚಿನಲ್ಲಿ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಪಗ್ರಹದ ಮೂಲಕ ಎರಡು ಕಡೆಯಿಂದಲೂ ಸಂದೇಶ ಕಳಿಸಬಲ್ಲ ಉಪಕರಣ ಜೋಡಿಸುವ ಯೋಜನೆಗೆ ಚಾಲನೆ ಕೊಟ್ಟಿತು. ಫೋನು ಸಿಗದ ನಡುಗಡಲಿನಲ್ಲೂ ಅದು ಕೆಲಸ ಮಾಡುತ್ತದೆ. ದ್ವೀಪಕ್ಕೆ ಅನ್ನ ಹೊರುವ ಪ್ರತಿಯೊಂದು ಮಂಜಿಗೂ ಅಂಥ ಉಪಕರಣ ಇರಲೇಬೇಕು. ಕೋಟಿಗಟ್ಟಲೆಯ ಜೆಟ್ಟಿಗಿಂತ ಮೊದಲು ಆಗಬೇಕಾದ ಕೆಲಸ ಇದು.

ಇನ್ನು ನಮ್ಮ ತುದಿಗೆ ಬರೋಣ. ಹಳೆ ಬಂದರಿನ ದೊಡ್ಡ ಕಷ್ಟ ಅಳಿವೆಬಾಗಿಲು. ಎರಡು ನದಿಗಳು ಪ್ರತಿ ಮಳೆಗಾಲದಲ್ಲೂ ಘಟ್ಟದಿಂದ ಮಣ್ಣು ಮರಳು ತಂದು ಅಲ್ಲಿ ಸುರಿಯುತ್ತವೆ. ಹೂಳೆತ್ತದಿದ್ದರೆ ತುಂಬಿದ ಮಂಜಿ ಉಬ್ಬರವನ್ನೇ ಕಾಯಬೇಕು. ಕಾಯದೆ ಹೊರಟರೆ ತಳ ತಾಗುತ್ತದೆ, ಎಷ್ಟೋ ದೋಣಿಗಳು ಅಲ್ಲಿ ಹಾನಿಗೊಂಡಿವೆ. ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆಂದೇ ಪ್ರತ್ಯೇಕ ಜೆಟ್ಟಿ, ಗೋದಾಮು ಕಟ್ಟುವ 65 ಕೋಟಿ ರೂಪಾಯಿಯ ಯೋಜನೆಯನ್ನು ಕೇಂದ್ರದ ಬಂದರು ಅಭಿವೃದ್ಧಿ ಕಾರ್ಯಕ್ರಮ ಸಾಗರಮಾಲಾದ ಅಡಿಯಲ್ಲಿ ಕೈಗೆತ್ತಿಕೊಂಡಿದ್ದಾರೆ. ಸಂತೋಷ. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ‘ಪರಳಿ’ ಎಂಬ ವೇಗದ ಹಡಗು ಸುಮಾರು ಏಳು ಗಂಟೆಯಲ್ಲಿ ಪ್ರಯಾಣಿಕರನ್ನು ಮಂಗಳೂರಿಗೆ ತಂದು ಇಳಿಸಿತು. ದಾರಿ ಇದೆ, ದೂರವೂ ಇಲ್ಲ ಎಂದು ಅದು ತೋರಿಸಿಕೊಟ್ಟಿತು. ಆದರೆ ಜೆಟ್ಟಿ ಕಟ್ಟುವುದು ಒಂದು ಸಲದ ಕೆಲಸ. ಹೂಳೆತ್ತುವುದು ಪ್ರತಿ ವರ್ಷದ ಕೆಲಸ. ಮೊದಲನೆಯದಕ್ಕೆ ಶಂಕುಸ್ಥಾಪನೆ, ಉದ್ಘಾಟನೆ ನಡೆಯುತ್ತವೆ, ಫೋಟೊ ಬರುತ್ತದೆ. ಎರಡನೆಯದಕ್ಕೆ ಟೆಂಡರು ತಡವಾಗುತ್ತದೆ. ಹಳೆ ಬಂದರಿನ ನವೀಕರಣ ಎಂದರೆ ನನ್ನ ದೃಷ್ಟಿಯಲ್ಲಿ ಈ ತಡ ನಿಲ್ಲುವುದು.

ಹಮಾಲಿಗಳ ವಿಷಯ ಮುಚ್ಚಿಡಬಾರದು. ಮೂಟೆಯ ಜಾಗಕ್ಕೆ ಪೆಟ್ಟಿಗೆ ಬಂದರೆ ಹೊರುವ ಕೆಲಸ ಕಡಿಮೆಯಾಗುತ್ತದೆ. ಜಗತ್ತಿನ ದೊಡ್ಡ ಬಂದರುಗಳಲ್ಲೆಲ್ಲ ಹಾಗಾಗಿದೆ, ಬಹಳ ಕಡೆ ದುಡಿದವರ ಕೈಗೆ ಏನೂ ಸಿಗದೆ ಹೋಗಿದೆ. ಬೆನ್ನು ಬಾಗಿಸಿ ಈ ದ್ವೀಪಗಳನ್ನು ಉಣಿಸಿದವರು ಅವರು. ಕ್ರೇನು, ಫೋರ್ಕ್‌ಲಿಫ್ಟ್ ನಡೆಸುವ ತರಬೇತಿ ಮೊದಲು ಅವರಿಗೆ ಮತ್ತು ಅವರ ಮಕ್ಕಳಿಗೆ ಸಿಗಬೇಕು. ವಯಸ್ಸಾದವರಿಗೆ ಪರಿಹಾರ ಸಿಗಬೇಕು. ಮಂಜಿ ಮಾಲೀಕರಿಗೂ ಹೀಗೆಯೇ: ಮರದ ಮಂಜಿಯನ್ನು ಒಂದೇ ಆದೇಶದಲ್ಲಿ ಹೊರಗಟ್ಟುವ ಬದಲು, ಉಕ್ಕಿನ ಚಪ್ಪಟೆ ತಳದ ಹಡಗು ಕೊಳ್ಳಲು ಸಾಲ ಕೊಡಿ, ದ್ವೀಪ ಮತ್ತು ಕರಾವಳಿಯ ನಾವಿಕರ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಡಿ. ಕಡಲು ಗೊತ್ತಿರುವವರು ಅವರೇ.

ಮಂಗಳೂರಿನಲ್ಲಿ, ಉಳ್ಳಾಲದಲ್ಲಿ, ಬೆಂಗ್ರೆಯಲ್ಲಿ ಕೂತು ಈ ಮಾತು ಕೇಳುತ್ತಿರುವವರಲ್ಲಿ ನನ್ನದೊಂದು ವಿನಂತಿ. ಪ್ರತ್ಯೇಕ ಜೆಟ್ಟಿಯ ಕೆಲಸ ಎಲ್ಲಿಗೆ ಬಂತು, ಎಂದು ಮುಗಿಯುತ್ತದೆ ಎಂದು ನಮ್ಮ ಶಾಸಕರನ್ನು, ಸಂಸದರನ್ನು ಕೇಳಿ. ಮಳೆಗಾಲ ಮುಗಿದು ಸೆಪ್ಟೆಂಬರಿನಲ್ಲಿ ಮೊದಲ ಮಂಜಿ ಹೊರಡುವ ಮೊದಲು ಅಳಿವೆಬಾಗಿಲಿನ ಆಳವನ್ನು ಅಳೆದು, ಎಲ್ಲರಿಗೂ ಕಾಣುವಂತೆ ದಕ್ಕೆಯ ಫಲಕದಲ್ಲಿ ಬರೆಯಿರಿ ಎಂದು ಬಂದರು ಇಲಾಖೆಯನ್ನು ಒತ್ತಾಯಿಸಿ. ಪ್ರತಿ ವರ್ಷವೂ ಕೇಳಿ.